ಹದಿನೆಂಟು ಎಂದು ಬರೆದಿದ್ದ ಬಾಟಲಿ

ಅವರು ಸತ್ತ ಸುದ್ದಿ ನನಗೆ ಗಿರಾಕಿಗಳಿಂದ ಗೊತ್ತಾಯಿತು. ಗೋಣಿಕೊಪ್ಪಲಿನಲ್ಲಿ ನನ್ನದೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇದೆ. ನಾಮಕರಣ, ಮದುವೆ, ತಿಥಿ ಎಲ್ಲ ಮೊದಲು ನನ್ನ ಕಂಪ್ಯೂಟರಿಗೆ ಬಂದು ಆಮೇಲೆ ಊರಿಗೆ ಹೋಗುತ್ತವೆ. ಹೋದ ತಿಂಗಳು ಹೋಂಸ್ಟೇ ನಡೆಸುವ ಇಬ್ಬರು ಪೆನ್‌ಡ್ರೈವಿನಲ್ಲಿ ಅವರ ಫೋಟೋ ತಂದು, ಶ್ರದ್ಧಾಂಜಲಿಯ ಫ್ಲೆಕ್ಸ್ ಬೇಕೆಂದರು. ಹೆಸರಿನ ಕೆಳಗೆ 'ಹಿರಿಯ ವಿಜ್ಞಾನಿ, ಚಿಂತಕ' ಎಂದು ಹಾಕಬೇಕಂತೆ. ನಾನು ಹೆಸರು ಹಾಕಿದೆ, ಹುಟ್ಟಿದ ತಾರೀಖು, ಸತ್ತ ತಾರೀಖು ಹಾಕಿದೆ, ಅಲ್ಲಿಗೆ ನಿಲ್ಲಿಸಿದೆ.

"ವಿಜ್ಞಾನಿ ಅಂತ ಹಾಕ್ಲಿಲ್ವಲ್ಲ?" ಎಂದು ಒಬ್ಬರು ಕೇಳಿದರು.

"ಜಾಗ ಇಲ್ಲ."

"ಅಷ್ಟು ಜಾಗ ಖಾಲಿ ಉಂಟಲ್ಲ ಮಾರಾಯ್ರೇ."

"ಉಂಟು. ನಾನು ಹಾಕೋದಿಲ್ಲ. ಬೇರೆ ಕಡೆ ಮಾಡಿಸ್ಕೊಳ್ಳಿ."

ಅವರು ಮುಖ ಮುಖ ನೋಡಿಕೊಂಡು, ಪೆನ್‌ಡ್ರೈವ್ ಕಿತ್ತುಕೊಂಡು ಎದುರಿನ ಅಂಗಡಿಗೆ ಹೋದರು. ಮನೆಯಲ್ಲಿ ಹೇಳಿದಾಗ ಹೆಂಡತಿಗೂ ಸರಿ ಕಾಣಲಿಲ್ಲ. ಸತ್ತವರ ಮೇಲೆ ಎಂಥ ಹಟ ಎಂದಳು. ಹಟವಲ್ಲ. ಇಪ್ಪತ್ತು ವರ್ಷದಿಂದ ಜನ ಹೇಳಿದ್ದನ್ನೆಲ್ಲ ಟೈಪ್ ಮಾಡಿ ಕೊಟ್ಟಿದ್ದೇನೆ. ಎಂಜಲು ಕೈಯಲ್ಲಿ ಕಾಗೆ ಓಡಿಸದವರನ್ನು ಕೊಡುಗೈ ದಾನಿ ಎಂದು ಬರೆದಿದ್ದೇನೆ, ಹೆಂಡತಿಯನ್ನು ಮನೆಯಿಂದ ಹೊರಗೆ ಹಾಕಿದವರನ್ನು ಆದರ್ಶ ಪತಿ ಎಂದು ಬರೆದಿದ್ದೇನೆ. ಆದರೆ ಈ ಮನುಷ್ಯನ ಹೆಸರಿನ ಕೆಳಗೆ ಆ ಪದ ಕೂರಿಸಲು ಮಾತ್ರ ನನ್ನ ಬೆರಳು ಒಪ್ಪಲಿಲ್ಲ. ಯಾಕೆ ಎಂದು ಬರೆಯುತ್ತೇನೆ. ಹೆಸರು ಹೇಳುವುದಿಲ್ಲ. ಅವರಿಗೊಬ್ಬಳು ಮಗಳಿದ್ದಾಳೆ, ದೂರದ ಊರಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳೆ, ಒಳ್ಳೆಯ ಹುಡುಗಿ, ಅವಳಿಗೆ ಬೇಸರವಾಗುವುದು ಬೇಡ.

ಪೊನ್ನಂಪೇಟೆಯಿಂದ ಆಚೆ ಮೂರು ಎಕರೆ ಕಾಫಿ, ಅದರ ನಡುವೆ ಮೂರು ರೂಮಿನ ಹೋಂಸ್ಟೇ ಅವರದು. ಎಲ್ಲರೂ ಅವರನ್ನು 'ಸೈಂಟಿಸ್ಟ್' ಎನ್ನುತ್ತಿದ್ದರು. ಆ ಹೆಸರು ಇಟ್ಟವರು ಯಾರು ಎಂದು ಒಮ್ಮೆ ವಿಚಾರಿಸಿದೆ. ಅವರೇ. ಊರಿಗೆ ಬಂದ ಮೊದಲ ವಾರ ಬೇಕರಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಕ್ಷೌರದಂಗಡಿಯಲ್ಲಿ "ನಾನು ಸೈಂಟಿಸ್ಟ್" ಎಂದು ಪರಿಚಯ ಹೇಳಿಕೊಂಡರಂತೆ. ನಿಜ ಏನೆಂದರೆ, ಒಂದು ಔಷಧ ಕಂಪೆನಿಯಲ್ಲಿ ಮಾತ್ರೆ ಎಷ್ಟು ಗಟ್ಟಿಯಾಗಿದೆ ಎಂದು ಒತ್ತಿ ಒಡೆದು ನೋಡುವ ಯಂತ್ರ ಇರುತ್ತದಲ್ಲ, ಅದರ ಮುಂದೆ ಇಪ್ಪತ್ತೆರಡು ವರ್ಷ ಕೂತು ಬಂದವರು. ಅದೇನೂ ಕೀಳು ಕೆಲಸವಲ್ಲ. ನಾವು ನುಂಗುವ ಮಾತ್ರೆ ಹೊಟ್ಟೆಗೆ ಹೋಗಿ ಕರಗುವುದು ಅಂಥವರ ದಯೆಯಿಂದ. ಆದರೆ ಅವರಿಗೆ ಆ ಇಪ್ಪತ್ತೆರಡು ವರ್ಷದ ಮೇಲೆ ಒಂದು ಬಗೆಯ ಅಸಹ್ಯ ಇತ್ತು. ಯಾರಾದರೂ ಕೇಳಿದರೆ "ರಿಸರ್ಚ್‌ನಲ್ಲಿದ್ದೆ" ಎನ್ನುತ್ತಿದ್ದರು.

ಎತ್ತರದ ಆಳು, ಮೊಣಕಾಲಿನವರೆಗೆ ಬರುವ ಖಾದಿ ಜುಬ್ಬಾ. ಜೇಬಿನಲ್ಲಿ ಎರಡು ಇಂಕ್ ಪೆನ್ನು, ಎರಡರಲ್ಲೂ ಇಂಕಿಲ್ಲ, ಬರೆಯಲು ಬೇಕಾದಾಗ ನನ್ನ ಬಾಲ್‌ಪೆನ್ನು ತೆಗೆದುಕೊಳ್ಳುವುದು. ನಾವು ಮಾತು ಶುರು ಮಾಡಿದ ಕೂಡಲೇ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು, ನಾವು ಹೇಳುವುದೆಲ್ಲ ತಮಗೆ ಮೊದಲೇ ಗೊತ್ತು ಎಂಬ ಹಾಗೆ. ನಾವು ಮುಗಿಸುವ ಮೊದಲೇ "ಸ್ಥೂಲವಾಗಿ ಹೇಳ್ತೇನೆ ಕೇಳಿ" ಎಂದು ಹಿಡಿಯುತ್ತಿದ್ದರು. ಆ ಸ್ಥೂಲಕ್ಕೆ ಮುಕ್ಕಾಲು ಗಂಟೆ. ಹಿಂದೆ ಸಾಲಿನಲ್ಲಿ ನಿಂತ ಕಾಲೇಜು ಮಕ್ಕಳು ಹಾಲ್ ಟಿಕೆಟ್ ಜೆರಾಕ್ಸ್ ಮಾಡಿಸಲು ಬೇರೆ ಅಂಗಡಿ ಹುಡುಕಿಕೊಂಡು ಹೋಗುತ್ತಿದ್ದರು.

ಒಂದು ದಿನ ಜುಬ್ಬಾದ ಜೇಬಿನಿಂದ ಒಂದು ಹಿಡಿ ಕರಿಮೆಣಸು ತೆಗೆದು ನನ್ನ ಗಾಜಿನ ಕೌಂಟರಿನ ಮೇಲೆ ಆರು ಕಾಳು ಉರುಟಾಗಿ ಇಟ್ಟರು. ಇದು ಉಂಗುರ ಎಂದರು. ಅದಕ್ಕೆ ಅಲ್ಲೊಂದು ಇಲ್ಲೊಂದು ಕಾಳು ಅಂಟಿಸಿ, ಇದು ಆಮ್ಲಜನಕ, ಇದು ಗಂಧಕ, ಇದು ಬಾಲ ಎಂದರು. ಈ ಒಂದು ಕಾಳನ್ನು ಇಲ್ಲಿಂದ ಅಲ್ಲಿಗೆ ಸರಿಸಿದರೆ ಮನುಷ್ಯನ ಪ್ರಪಂಚವೇ ಬದಲಾಗುತ್ತದೆ ಎಂದರು. ಅಷ್ಟರಲ್ಲಿ ಅವರಿಗೆ ಫೋನ್ ಬಂತು, ಮಾತಾಡುತ್ತಾ ಹೊರಟುಹೋದರು. ಪ್ರಪಂಚ ಬದಲಾಯಿಸುವ ಕಾಳುಗಳನ್ನು ಗುಡಿಸಿ ತೆಗೆದವನು ನಾನು.

ಅವರಿಗೆ ಹಿಡಿದಿದ್ದ ಹುಚ್ಚು ಒಂದೇ. ಜನರಿಗೆ ಅಷ್ಟಾಗಿ ಗೊತ್ತಿಲ್ಲದ ಒಂದು ರಾಸಾಯನಿಕದ ಮೇಲೆ ಕನ್ನಡದಲ್ಲಿ ಪುಸ್ತಕ ಬರೆಯುವುದು. ಹೆಸರು 'ಒಂದು ಪಕ್ಷಿನೋಟ'. ಎರಡು ವರ್ಷ ಆ ಹಕ್ಕಿ ನನ್ನ ಅಂಗಡಿಯ ಮೇಲೆಯೇ ಹಾರಾಡಿತು. ವಾರಕ್ಕೆ ನಾಲ್ಕು ಪುಟ ಕೈಬರಹ ತರುವರು, ನಾನು ಟೈಪ್ ಮಾಡುವೆ, ಅವರು ತಿದ್ದುವರು. "ಪ್ರಸ್ತುತ ಸಂಯುಕ್ತವು ಪ್ರಕೃತಿಯ ಗರ್ಭದಿಂದಲ್ಲ, ಮಾನವ ಮೇಧೆಯ ಗರ್ಭದಿಂದ ಜನಿಸಿದ್ದು" ಎಂದು ಮೊದಲ ವಾಕ್ಯ. ಗರ್ಭ ಎರಡು ಸಲ ಬಂತು ಸಾರ್ ಎಂದೆ. ಇರಲಿ, ಒತ್ತು ಬೀಳ್ತದೆ ಎಂದರು. ಒಮ್ಮೆ ನಾನು 'ಭ್ರಮೆ ಹುಟ್ಟಿಸುವ' ಎಂದು ಟೈಪ್ ಮಾಡಿದ್ದಕ್ಕೆ ಅರ್ಧ ದಿನ ಸಿಟ್ಟು. ಅದು 'ಮನೋವಿಕಾಸಕ' ಆಗಬೇಕಂತೆ. ಓದಿದವರ ಮನಸ್ಸು ವಿಕಾಸವಾಯಿತೋ ಇಲ್ಲವೋ, ಟೈಪ್ ಮಾಡಿದವನ ಕುತ್ತಿಗೆ ಮಾತ್ರ ಹಿಡಿದುಕೊಂಡಿತು.

ಅಷ್ಟೆಲ್ಲ ಸುತ್ತಿ ಬಳಸಿ ಅವರು ಬರೆದದ್ದು ಇಷ್ಟು. ಕೆಲವು ಅಣಬೆಗಳಲ್ಲಿ, ಹೊರದೇಶದ ಒಂದು ಕಳ್ಳಿಯಲ್ಲಿ, ಮನುಷ್ಯನ ಕಣ್ಣು ಮನಸ್ಸು ಎರಡನ್ನೂ ತಿರುಗಿಸುವ ವಸ್ತುಗಳಿವೆ. ಆ ಕಳ್ಳಿಯ ವಸ್ತುವನ್ನು ಮಾದರಿಯಾಗಿಟ್ಟುಕೊಂಡು ರಸಾಯನ ತಜ್ಞರು ಪ್ರಯೋಗಶಾಲೆಯಲ್ಲಿ ನೂರಾರು ಹೊಸ ವಸ್ತುಗಳನ್ನು ಮಾಡಿದರು. ಒಂದೆರಡು ಹೆಸರುವಾಸಿಯಾದವು, ಉಳಿದವನ್ನು ಕೇಳುವವರಿಲ್ಲ. ಇವರು ಹಿಡಿದದ್ದು ಕೇಳುವವರಿಲ್ಲದ ಒಂದನ್ನು. ಅದರ ಹೆಸರು ಅಕ್ಷರ, ಅಂಕಿ, ಅಡ್ಡಗೆರೆ ಸೇರಿ ಒಂದು ಸಾಲು ಉದ್ದ. ಮನುಷ್ಯರ ಮೇಲೆ ಸರಿಯಾದ ಪರೀಕ್ಷೆ ನಡೆದೇ ಇಲ್ಲ. ತಿಂದ ಮೇಲೆ ಎರಡು ಮೂರು ಗಂಟೆ ಏನೂ ಆಗುವುದಿಲ್ಲ. ಏನೂ ಆಗಲಿಲ್ಲವಲ್ಲ ಎಂದು ಜನ ಮತ್ತೊಮ್ಮೆ ತಿನ್ನುತ್ತಾರೆ, ಅದೇ ದೊಡ್ಡ ಅಪಾಯ. ಶುರುವಾದರೆ ಮರುದಿನ ಬೆಳಗಾಗುವವರೆಗೂ ಇಳಿಯುವುದಿಲ್ಲ. ಒಬ್ಬರಿಗೆ ಏನೂ ಮಾಡದಷ್ಟು ಸಣ್ಣ ಪ್ರಮಾಣ ಇನ್ನೊಬ್ಬರನ್ನು ಕೆಡವುತ್ತದೆ. ಬಿಪಿ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಮೈ ಕಾಯುತ್ತದೆ. ಅದನ್ನು ಇಳಿಸುವ ಔಷಧ ಅಂತ ಒಂದಿಲ್ಲ, ಸದ್ದುಗದ್ದಲ ಇಲ್ಲದ ಕಡೆ ಮಲಗಿಸಿ, ನಾಡಿ ನೋಡುತ್ತಾ ಕಾಯಬೇಕು. ಸುಮಾರು ಹದಿನೆಂಟು ಗಂಟೆ ಇರುತ್ತದೆಂದು ಆ ಉದ್ದನೆಯ ಹೆಸರನ್ನು ಬಿಟ್ಟು ಅವರು ಅದನ್ನು 'ಹದಿನೆಂಟು' ಎಂದು ಕರೆಯುತ್ತಿದ್ದರು. ಟೈಪ್ ಮಾಡಿ, ತಿದ್ದಿ, ಮತ್ತೆ ಟೈಪ್ ಮಾಡಿ, ಇದೆಲ್ಲ ನನಗೆ ಬಾಯಿಪಾಠವಾಗಿತ್ತು.

"ನೀವು ತಗೊಂಡು ನೋಡಿದ್ದೀರಾ ಸಾರ್?" ಎಂದು ಒಂದು ಸಲ ಕೇಳಿದೆ.

"ಸೈಂಟಿಸ್ಟ್ ಆದವನು ಪ್ರಯೋಗದ ಹೊರಗೆ ನಿಲ್ಲಬೇಕು," ಎಂದರು.

ಅಂದರೆ ಇಲ್ಲ. ಎಲ್ಲಿಂದಲೋ ಅಂಚೆಯಲ್ಲಿ ತರಿಸಿದ ಪುಡಿ ಅವರ ಹತ್ತಿರ ಇತ್ತು, ಅದು ನಿಷೇಧದ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂಬುದು ಅವರ ಮೆಚ್ಚಿನ ಚರ್ಚೆಯಾಗಿತ್ತು. ಪೇಟೆಯಿಂದ ಬರುವ ಗೆಸ್ಟುಗಳಲ್ಲಿ ಬೇಕೆಂದವರಿಗೆ ಅದನ್ನು ಕದಡಿ ಎರಡು ಚಮಚ ಕೊಟ್ಟು, ತಾವು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತು ಹಾರ್ಲಿಕ್ಸ್ ಕುಡಿಯುತ್ತಾ ನೋಟ್ಸ್ ಬರೆಯುತ್ತಿದ್ದರು. ಬೇರೆಯವರ ತಲೆಯ ಒಳಗೆ ನಡೆದದ್ದನ್ನು ತಾವೇ ಹೋಗಿ ನೋಡಿ ಬಂದವರಂತೆ ಪುಸ್ತಕದಲ್ಲಿ ಬರೆಯುವುದು. ಇಷ್ಟು ಹೇಡಿತನದ ಸಾಹಸವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ಆ ಬಾಟಲಿಯ ವಿಷಯ. ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟಿನ ಮೊದಲ ವಾರ, ಮದ್ದು ಸೊಪ್ಪು ತಿನ್ನುವುದುಂಟು. ಆ ದಿನ ಆ ಗಿಡದ ಎಲೆಗೆ ಹದಿನೆಂಟು ಬಗೆಯ ಔಷಧ ಸೇರುತ್ತದೆ ಎಂದು ನಂಬಿಕೆ. ಸೊಪ್ಪು ಬೇಯಿಸಿದರೆ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಆ ರಸದಲ್ಲಿ ಪಾಯಸವೋ ಅಕ್ಕಿಯ ಪುಟ್ಟೋ ಮಾಡುತ್ತಾರೆ. ಬಾಯಲ್ಲಿ ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ, ಬರೀ 'ಮದ್ದು'. ರಸವನ್ನು ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟು ವರ್ಷವಿಡೀ ಬಳಸುವವರೂ ಇದ್ದಾರೆ. ನಮ್ಮ ಸೈಂಟಿಸ್ಟ್ ತಮ್ಮ ಪುಡಿಯನ್ನು ಇದೇ ರಸದಲ್ಲಿ ಕದಡಿ, ಬಾಟಲಿಗೆ ತುಂಬಿ, ಮೇಲೆ ದಪ್ಪ ಮಾರ್ಕರಿನಲ್ಲಿ 18 ಎಂದು ಬರೆದು ಅಡುಗೆಮನೆಯ ಫ್ರಿಜ್ಜಿನಲ್ಲಿಟ್ಟರು. ನನ್ನ ಅಂಗಡಿಗೆ ಬಂದು ಅದನ್ನು ಹೇಳಿ ನಕ್ಕರು. "ಪೊಲೀಸರು ಬಂದ್ರೂ ಏನು ಸಿಗ್ತದೆ? ಇಲ್ಲಿ ಮನೆಮನೆಯಲ್ಲೂ ಇದೇ ಬಾಟಲಿ ಉಂಟು." ನಾನೂ ನಕ್ಕೆ. ಜಾಣತನ ಅನ್ನಿಸಿತು ಆಗ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಯಾಕೆಂದರೆ ಆ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದವರು ಲೀಲಕ್ಕ. ನಮ್ಮ ಬೀದಿಯವರು, ಐವತ್ತೈದರ ಆಸುಪಾಸು, ಅರೆಭಾಷೆ ಮಾತಾಡುವ ಮನೆಯವರು. ಗಂಡ ತೀರಿಕೊಂಡ ಮೇಲೆ ಕೆಲಸ ಹುಡುಕುತ್ತಿದ್ದರು. ಆ ಹೋಂಸ್ಟೇಯಲ್ಲಿ ಅಡುಗೆಗೆ ಜನ ಬೇಕಂತೆ, ಒಳ್ಳೆ ಓದಿದ ಮನುಷ್ಯ, ಹೋಗಿ ಲೀಲಕ್ಕ ಎಂದು ಕಳಿಸಿದವನು ನಾನು. ಲೀಲಕ್ಕನಿಗೆ ಅಡುಗೆ ಎಂದರೆ ನೇಮ. ಬಟ್ಟಲು ಒರೆಸದೆ ಬಡಿಸುವವರಲ್ಲ, ನಿನ್ನೆಯ ಸಾರು ಇವತ್ತು ಬಿಸಿ ಮಾಡಿ ಇಡುವವರಲ್ಲ.

ಆ ವರ್ಷ ಕಕ್ಕಡ ಹದಿನೆಂಟು ಕಳೆದು ಎರಡು ದಿನಕ್ಕೆ ಒಂದು ತಂಡ ಗೆಸ್ಟುಗಳು ಬರುವವರಿದ್ದರು, ಅವರಿಗೆ ಮದ್ದಿನ ಪಾಯಸವೇ ಬೇಕಂತೆ. ಬೇರೆ ಯಾರಾದರೂ ಆಗಿದ್ದರೆ ಬೇಲಿಯಿಂದ ನಾಲ್ಕು ಸೊಪ್ಪು ಕಿತ್ತು ಮಾಡಿ ಬಡಿಸುತ್ತಿದ್ದರು. ಪೇಟೆಯವರಿಗೆ ಹದಿನೆಂಟೂ ಒಂದೇ, ಇಪ್ಪತ್ತೂ ಒಂದೇ. ಲೀಲಕ್ಕನಿಗೆ ಅದು ಮೋಸ. ದಿನ ಮೀರಿದ ಎಲೆ ಬರೀ ಎಲೆ, ಅದನ್ನು ಮದ್ದು ಎಂದು ಬಡಿಸಬಾರದು. ಏನು ಮಾಡುವುದೆಂದು ಫ್ರಿಜ್ ತೆಗೆದು ನೋಡಿದರೆ, ಹಿಂದಿನ ಮೂಲೆಯಲ್ಲಿ ನೇರಳೆ ಬಣ್ಣದ ರಸ, ಮೇಲೆ ಸ್ಪಷ್ಟವಾಗಿ 18. ಹದಿನೆಂಟರ ದಿನವೇ ತೆಗೆದಿಟ್ಟ ಮದ್ದು, ದೇವರು ಕೊಟ್ಟ ಹಾಗೆ ಸಿಕ್ಕಿತು ಎಂದುಕೊಂಡರಂತೆ. ಇದ್ದದ್ದೆಲ್ಲ ಪಾತ್ರೆಗೆ ಸುರಿದು, ಬೆಲ್ಲ, ತೆಂಗಿನಹಾಲು ಹಾಕಿ ಪಾಯಸ ಮಾಡಿದರು. ಆ ವರ್ಷ ಮನೆಯಲ್ಲಿ ಮದ್ದು ಮಾಡಲು ಅವರಿಗೆ ಪುರುಸೊತ್ತಾಗಿರಲಿಲ್ಲ. ವರ್ಷದ ಮದ್ದು ತಪ್ಪಬಾರದೆಂದು ಒಂದು ಬಟ್ಟಲು ತಾವು ಉಂಡರು. ಆಗ ಹನ್ನೊಂದೂವರೆ ಗಂಟೆ.

ದಾರಿಯಲ್ಲಿ ಮರ ಬಿದ್ದು ಗೆಸ್ಟುಗಳ ವಾಹನ ನಿಂತಿತ್ತು. ನಾನು ಪುಸ್ತಕದ ಪ್ರೂಫ್ ಹಿಡಿದು ಒಂದೂವರೆಗೆ ಹೋದಾಗ ಲೀಲಕ್ಕ ನಗುತ್ತಲೇ ಇದ್ದರು. "ಮದ್ದಿನ ಪಾಯಸ ಉಂಟು, ತಿನ್ನು ತಮ್ಮ," ಎಂದರು. ಕೆಲಸ ಮುಗಿಸಿ ತಿನ್ನುತ್ತೇನೆ ಎಂದೆ. ಜಗಲಿಯಲ್ಲಿ ಸೈಂಟಿಸ್ಟ್ ಪ್ರೂಫ್ ತಿದ್ದಲು ಕೂತರು, ನನ್ನ ಪೆನ್ನಿನಲ್ಲೇ. ಸ್ವಲ್ಪ ಹೊತ್ತಿಗೆ ಲೀಲಕ್ಕ ಬಾಗಿಲಿಗೆ ಬಂದು, "ಗ್ಯಾಸ್ ಆಫ್ ಮಾಡಿದ್ದೇನಾ ನೋಡು ತಮ್ಮ," ಎಂದರು. ನೋಡಿ ಬಂದೆ, ಆಫ್ ಇತ್ತು. ಮತ್ತೆ ಬಂದರು, ಮತ್ತೆ ಅದೇ ಮಾತು. ಮೂರನೇ ಸಲ ಬಂದಾಗ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಮುಖ ಬೆವತಿತ್ತು, ಕಣ್ಣಿನ ಕಪ್ಪು ದೊಡ್ಡದಾಗಿತ್ತು. "ಗೋಡೆ ಉಸಿರಾಡ್ತಾ ಉಂಟು," ಎಂದು ಮೆಲ್ಲಗೆ ಹೇಳಿದರು.

ಸೈಂಟಿಸ್ಟ್ ಎದ್ದು ಸೀದಾ ಅಡುಗೆಮನೆಗೆ ಹೋದರು. ಫ್ರಿಜ್ಜಿನ ಬಾಗಿಲು ತೆಗೆದು ಮುಚ್ಚಿದ ಸದ್ದು ಕೇಳಿತು. ನಾನು ಲೀಲಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ಒಳಗೆ ಹೋಗಿ ನೋಡುತ್ತೇನೆ, ಆ ಮನುಷ್ಯ ಪಾಯಸವನ್ನೆಲ್ಲ ಹಿತ್ತಲ ಚರಂಡಿಗೆ ಸುರಿದು ಪಾತ್ರೆ ತೊಳೆಯುತ್ತಿದ್ದಾರೆ. ತಾವು ಕುಡಿದ ಲೋಟವನ್ನು ಎಂದೂ ತೊಳೆಯದವರು, ಜುಬ್ಬಾದ ತೋಳು ಮೇಲೆ ಸರಿಸಿಕೊಂಡು, ಸೋಪು ಹಾಕಿ, ಎರಡೆರಡು ಸಲ ಉಜ್ಜುತ್ತಿದ್ದಾರೆ. ಪಕ್ಕದಲ್ಲಿ ಆ ಬಾಟಲಿಯೂ ತೊಳೆದು ಬೋರಲು ಹಾಕಿತ್ತು. ಏನು ಸಾರ್ ಎಂದೆ. "ಪಾಯಸ ಹಾಳಾಗಿತ್ತು," ಎಂದರು. ಹೊರಗೆ ಕೂತ ಹೆಂಗಸಿಗೆ ಹೇಗಿದೆ ಎಂದು ಇನ್ನೂ ಒಂದು ಸಲವೂ ನೋಡಿರಲಿಲ್ಲ. ಪಾತ್ರೆ ಮೊದಲು, ಜೀವ ಆಮೇಲೆ.

ಜಗಲಿಯಲ್ಲಿದ್ದ ಪ್ರೂಫ್ ಕೈಚೀಲಕ್ಕೆ ತುರುಕಿ, ನನ್ನ ಓಮ್ನಿಯಲ್ಲಿ ಲೀಲಕ್ಕನನ್ನು ಹತ್ತಿಸಿ ಆಸ್ಪತ್ರೆಗೆ ಹೊರಟೆ. ಅವರೂ ಬಂದು ಮುಂದಿನ ಸೀಟಿನಲ್ಲಿ ಕೂತರು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಅವರು ಸುಮ್ಮನಿದ್ದದ್ದನ್ನು ಕಂಡೆ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಲೀಲಕ್ಕನ ಬಿಪಿ ನೋಡಿ ಹುಬ್ಬು ಗಂಟಿಕ್ಕಿ, "ಏನು ತಿಂದ್ರು?" ಎಂದು ಕೇಳಿದರು.

ಇದೊಂದು ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆ ಇಡೀ ಜಿಲ್ಲೆಯಲ್ಲಿ ಒಬ್ಬರಿಗೇ ಇತ್ತು. ಬೇಕರಿಯವರಿಗೆ ಹೇಳಿದ್ದಾರೆ, ಕ್ಷೌರದವನಿಗೆ ಹೇಳಿದ್ದಾರೆ, ಕೇಳದವರನ್ನೂ ನಿಲ್ಲಿಸಿ ಹೇಳಿದ್ದಾರೆ. ಈಗ ಕೇಳಬೇಕಾದವರು ಬಾಯಿ ಬಿಟ್ಟು ಕೇಳುತ್ತಿದ್ದಾರೆ.

"ಮದ್ದು," ಎಂದರು ಅವರು. "ಇಲ್ಲಿಯವರು ವರ್ಷ ವರ್ಷ ತಿಂತಾರಲ್ಲ ಡಾಕ್ಟ್ರೇ, ಅದೇ ಸೊಪ್ಪು. ಜಾಸ್ತಿ ತಿಂದಿರ್ಬೇಕು." ಸ್ವಲ್ಪ ತಡೆದು, "ಬೇರೆ ಏನಾದ್ರೂ ಅಭ್ಯಾಸ ಇದ್ಯೋ ಏನೋ, ನಂಗೆ ಗೊತ್ತಿಲ್ಲ," ಎಂದೂ ಸೇರಿಸಿದರು.

"ನಾನು ಕುಡಿಯುದಿಲ್ಲ ಮಗಳೇ," ಎಂದರು ಲೀಲಕ್ಕ ಮಂಚದ ಮೇಲಿಂದ. ಅವರ ಬೆರಳುಗಳು ಗಾಳಿಯಲ್ಲಿ ಏನನ್ನೋ ತಿರುಗಿಸುತ್ತಿದ್ದವು.

ಡಾಕ್ಟರಮ್ಮ ನಿರಾಳವಾದರು. ತಪ್ಪು ಅವರದಲ್ಲ. ಮದ್ದು ತಿಂದು ಸತ್ತವರಿಲ್ಲ, ಅದು ಇಲ್ಲಿ ಮಕ್ಕಳಿಗೂ ಕೊಡುವ ವಸ್ತು. ಹೊಟ್ಟೆಗೆ ಒಗ್ಗಿರಲಿಕ್ಕಿಲ್ಲ, ಹೆದರಿಕೆಗೆ ಬಿಪಿ ಏರಿದೆ, ಒಂದು ಗಂಟೆ ಮಲಗಿಸಿ ನೋಡಿ ಮನೆಗೆ ಕರೆದುಕೊಂಡು ಹೋಗಿ ಎಂದರು. ಇದು ಬರೀ ಶುರು, ಇನ್ನೂ ಏರುವುದಿದೆ, ನಾಳೆ ಬೆಳಗಿನವರೆಗೆ ಇಳಿಯುವುದಿಲ್ಲ ಎಂದು ನನಗೆ ಗೊತ್ತು. ಲೀಲಕ್ಕ ಮೊದಲೇ ಬಿಪಿ ಮಾತ್ರೆಯವರು, ಮನೆಯಲ್ಲಿ ಒಬ್ಬರೇ ಇರುವವರು.

"ಸಾರ್, ಹೇಳಿ," ಎಂದೆ.

ಅವರು ಕನ್ನಡಕ ತೆಗೆದು ಜುಬ್ಬಾದ ಅಂಚಿನಲ್ಲಿ ಒರೆಸತೊಡಗಿದರು.

"ಸಾರ್, ನೀವು ಹೇಳ್ತೀರೋ, ನಾನು ಹೇಳ್ಲೋ?"

ಒಂದು ಗಾಜು ಒರೆಸಿ ಇನ್ನೊಂದಕ್ಕೆ ಹೋದರು. ನಾನು ಕೈಚೀಲದಿಂದ ಪ್ರೂಫ್ ತೆಗೆದೆ. ಎರಡು ವರ್ಷ ಶಾಪ ಹಾಕುತ್ತಾ ಟೈಪ್ ಮಾಡಿದ ಹಾಳೆಗಳು. ಪರಿಣಾಮಗಳ ಅಧ್ಯಾಯ ತೆಗೆದು, ನಿಂತಲ್ಲೇ ಓದಿದೆ. ಎರಡು ಮೂರು ಗಂಟೆ ತಡವಾಗಿ ಶುರುವಾಗುತ್ತದೆ. ಹದಿನೆಂಟು ಗಂಟೆ ಇರುತ್ತದೆ. ರಕ್ತದೊತ್ತಡ, ನಾಡಿ, ಮೈ ಬಿಸಿ. ಆ ಹೆಸರನ್ನೂ ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. ಡಾಕ್ಟರಮ್ಮ ನನ್ನ ಕೈಯಿಂದ ಹಾಳೆ ಕಿತ್ತುಕೊಂಡರು.

"ಇದನ್ನು ಇಳಿಸ್ಲಿಕ್ಕೆ ಏನಾದ್ರೂ ಉಂಟಾ?"

"ಇಲ್ಲ ಅಂತ ಆ ಕೆಳಗಿನ ಪ್ಯಾರಾದಲ್ಲಿ ಉಂಟು ಮೇಡಂ."

"ಯಾರು ಬರ್ದದ್ದು ಇದು?"

"ಇವರೇ."

ಅವರು ಸೈಂಟಿಸ್ಟ್ ಕಡೆ ತಿರುಗಿದರು. "ಇದ್ರಲ್ಲಿ ಬರ್ದದ್ದು ನಿಜವಾ? ಇದೇನಾ ಇವ್ರು ತಿಂದದ್ದು?"

"ಅದು ಕರಡು," ಎಂದರು ಅವರು. "ಇನ್ನೂ ತಿದ್ದಬೇಕು."

ನನ್ನ ಜೀವಮಾನದಲ್ಲಿ ಒಬ್ಬ ಮನುಷ್ಯನ ಕೆನ್ನೆಗೆ ಹೊಡೆಯಬೇಕೆಂದು ಕೈ ಎತ್ತಿದ್ದು ಅದೊಂದೇ ಸಲ. ನರ್ಸಮ್ಮ ನಡುವೆ ಬಂದರು. ಡಾಕ್ಟರಮ್ಮ ಮತ್ತೆ ಅವರ ಕಡೆ ನೋಡಲಿಲ್ಲ. ಲೀಲಕ್ಕನನ್ನು ಒಳಗಿನ ಕೋಣೆಗೆ ಸಾಗಿಸಿ, ಶಾಂತವಾಗಲು ಇಂಜೆಕ್ಷನ್ ಕೊಟ್ಟು, ಗ್ಲೂಕೋಸ್ ಹಾಕಿ, ದೊಡ್ಡ ಆಸ್ಪತ್ರೆಯ ಡಾಕ್ಟರರಿಗೆ ಫೋನ್ ಮಾಡಿ ಕೇಳಿ ಕೇಳಿ ನೋಡಿಕೊಂಡರು. ಸಂಜೆ ಬಿಪಿ ಇನ್ನೂ ಏರಿತು. ಮನೆಗೆ ಕಳಿಸಿದ್ದರೆ ಇವರು ಉಳಿಯುತ್ತಿರಲಿಲ್ಲ ಎಂದು ಆಮೇಲೆ ನನಗೆ ಹೇಳಿದರು. ಮರುದಿನ ಮಧ್ಯಾಹ್ನ ಲೀಲಕ್ಕ ನನ್ನನ್ನು ಗುರುತಿಸಿ, ಗಂಜಿ ಕೇಳಿದರು.

ಪೊಲೀಸರು ಬಂದರು, ಹೋಂಸ್ಟೇಗೂ ಹೋದರು. ಅಷ್ಟರಲ್ಲಿ ಸೈಂಟಿಸ್ಟರಿಗೆ ಮಾತು ಮರಳಿ ಬಂದಿತ್ತು. ಬಂದವರನ್ನು ಜಗಲಿಯಲ್ಲಿ ಕೂರಿಸಿ, ಕಾಫಿ ತರಿಸಿ, ಸ್ಥೂಲವಾಗಿ ಹೇಳಿದರಂತೆ. ಪುಡಿ ಇರಲಿಲ್ಲ, ಬಾಟಲಿ ಹೊಳೆಯುವ ಹಾಗೆ ತೊಳೆದಿತ್ತು. ಪುಸ್ತಕ ಬರೆಯುವುದು ಅಪರಾಧವಲ್ಲವಲ್ಲ. ಅಲ್ಲಿಗೆ ಮುಗಿಯಿತು. ಲೀಲಕ್ಕನನ್ನು ಮಾತ್ರ ಊರು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಕುಡಿದಿದ್ದಳಂತೆ ಎಂದು ಹೆಂಗಸರ ಸಂಘದ ಮೀಟಿಂಗಿನಲ್ಲಿ ಯಾರೋ ಆಡಿದರು. ಅವರ ಬಾಯಿ ಮುಚ್ಚಿಸಲು ನನ್ನ ಹೆಂಡತಿಗೆ ತಿಂಗಳು ಹಿಡಿಯಿತು. ಸೈಂಟಿಸ್ಟ್ ಒಂದು ದಿನವೂ ನೋಡಲು ಬರಲಿಲ್ಲ. ಬೇರೆ ಅಡುಗೆಯವರು ಸಿಕ್ಕಿದ್ದಾರೆ ಎಂದು ಹೇಳಿ ಕಳಿಸಿದರು.

ಮೂರು ತಿಂಗಳ ಮೇಲೆ ಏನೂ ಆಗದವರಂತೆ ನನ್ನ ಅಂಗಡಿಗೆ ಬಂದರು, ಕೈಯಲ್ಲಿ ಹೊಸ ಅಧ್ಯಾಯ. ಶೀರ್ಷಿಕೆ, 'ಗ್ರಾಮೀಣ ಮಹಿಳೆಯೊಬ್ಬಳ ಅನುಭವ'. ಅದರಲ್ಲಿ 'ಆಕೆ' ನಿಂತಲ್ಲೇ ಹಸಿರು ಬೆಳಕಿನ ನದಿಯಾದಳಂತೆ. ಪೂರ್ವಿಕರು ಬಂದು ಕೈಹಿಡಿದು ನಡೆಸಿದರಂತೆ. ಮರಗಳ ಭಾಷೆ ಅರ್ಥವಾಯಿತಂತೆ. ಆಕೆಯ ಮುಖದಲ್ಲಿ ಅಲೌಕಿಕ ಶಾಂತಿ ಇತ್ತಂತೆ.

"ಇದನ್ನೆಲ್ಲ ಲೀಲಕ್ಕ ನಿಮಗೆ ಹೇಳಿದ್ರಾ?"

"ಹೇಳೋ ಭಾಷೆ ಅವರ ಹತ್ರ ಇಲ್ಲ," ಎಂದರು. "ಅದನ್ನು ಕೊಡೋದು ನಮ್ಮ ಕೆಲಸ."

ಲೀಲಕ್ಕ ನನಗೆ ಹೇಳಿದ್ದರು. ಬೆಳಕೂ ಇಲ್ಲ, ನದಿಯೂ ಇಲ್ಲ. ಪಕ್ಕದ ಕೋಣೆಯಲ್ಲಿ ಬಾಣಂತಿ ಇದ್ದಳು, ಕೂಸು ಅಳುತ್ತಿತ್ತು. ಗ್ಯಾಸ್ ಸೋರುತ್ತಿದೆ, ತಾನು ತಿರುಗಿಸಿ ಆಫ್ ಮಾಡದಿದ್ದರೆ ಆ ಕೂಸು ಸುಟ್ಟುಹೋಗುತ್ತದೆ ಎಂದು ಅವರಿಗೆ ಗಟ್ಟಿಯಾಗಿ ಅನ್ನಿಸಿತ್ತು. ಹಾಗಾಗಿ ಬೆಳಗಿನವರೆಗೂ ಮಂಚದ ಕಬ್ಬಿಣದ ತಿರುಪುಮೊಳೆಯೊಂದನ್ನು ತಿರುಗಿಸುತ್ತಲೇ ಇದ್ದರು. ಮೂರು ಬೆರಳಿನ ಚರ್ಮ ಕಿತ್ತುಹೋಗಿತ್ತು. ಯಾರದೋ ಕೂಸಿಗಾಗಿ.

ನಾನು ಕಂಪ್ಯೂಟರಿನ ಪರದೆ ಅವರ ಕಡೆ ತಿರುಗಿಸಿ, ಪುಸ್ತಕದ ಫೈಲ್ ತೋರಿಸಿ, ಅವರ ಕಣ್ಣೆದುರೇ ಅಳಿಸಿದೆ. ಆಮೇಲೆ ಅಂಗಡಿ ಇಳಿಯಿರಿ ಎಂದೆ. ಕಣ್ಣು ಮುಚ್ಚಿ ತಲೆಯಾಡಿಸಿದರು, ಇದೂ ತಮಗೆ ಮೊದಲೇ ಗೊತ್ತಿತ್ತು ಎಂಬ ಹಾಗೆ. ಹೋಗುವಾಗ ನನ್ನ ಪೆನ್ನು ಜೇಬಿಗೆ ಹಾಕಿಕೊಂಡು ಹೋದರು. ಮತ್ತೆ ಮಾತಾಡಲಿಲ್ಲ. ಪುಸ್ತಕ ಬರಲಿಲ್ಲ. ಹೋದ ತಿಂಗಳು ಎದೆನೋವು ಬಂದು ಸತ್ತರು. ಅದಕ್ಕೆ ನನಗೆ ಸಂತೋಷವೂ ಇಲ್ಲ, ದುಃಖವೂ ಇಲ್ಲ.

ಲೀಲಕ್ಕ ಈಗ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾರೆ. ಈ ವರ್ಷ ಕಕ್ಕಡ ಹದಿನೆಂಟಕ್ಕೆ ನಮ್ಮನ್ನು ಮನೆಗೆ ಕರೆದಿದ್ದರು. ಬೆಳಿಗ್ಗೆಯೇ ಹೋಗಿ ತಾವೇ ಸೊಪ್ಪು ಕೊಯ್ದು ತಂದು ಪಾಯಸ ಮಾಡಿದ್ದರು. ಹಬ್ಬಕ್ಕೆ ಬಂದಿದ್ದ ಅವರ ಮೊಮ್ಮಕ್ಕಳು, ನನ್ನ ಹೆಂಡತಿ, ನಾನು ಸಾಲಾಗಿ ಕೂತೆವು. ಎಲ್ಲರಿಗೂ ಎರಡೆರಡು ಸಲ ಬಡಿಸಿದರು. ಮಕ್ಕಳು ನಾಲಿಗೆ ಚಾಚಿ ಬಣ್ಣ ತೋರಿಸಿಕೊಂಡು ಹೊರಗೆ ಓಡಿದ ಮೇಲೆ ಲೀಲಕ್ಕ ತಮ್ಮ ತಟ್ಟೆಗೆ ಅನ್ನ, ಮಜ್ಜಿಗೆ ಹಾಕಿಕೊಂಡರು.

"ನೀವು ಮದ್ದು ತಿನ್ಲಿಲ್ವಲ್ಲ?" ಎಂದೆ. "ಇದು ನೀವೇ ಕೊಯ್ದ ಸೊಪ್ಪು. ಇದ್ರಲ್ಲಿ ಏನೂ ಇಲ್ಲ ಲೀಲಕ್ಕ."

"ಗೊತ್ತುಂಟು. ಮದ್ದಿನದ್ದು ಎಂತ ತಪ್ಪು ಉಂಟು." ಅನ್ನ ಕಲಸಿದರು. "ನಂಗೆ ಆವತ್ತು ತಲೆ ತಿರುಗಿದ್ದು ಹೌದು. ಕಿವಿ ಸರಿ ಇತ್ತು ತಮ್ಮ. ಡಾಕ್ಟ್ರು ಕೇಳಿದ್ದು ಕೇಳ್ತು. ಆ ಸೈಂಟಿಸ್ಟ್ ಮದ್ದು ಅಂತ ಹೇಳಿದ್ದೂ ಕೇಳ್ತು."

ನಾನು ಪಾಯಸದ ಬಟ್ಟಲು ಕೆಳಗಿಟ್ಟೆ.

"ನನ್ನ ಮುಖ ನೋಡ್ಕೊಂಡೇ ಹೇಳಿದ್ದು," ಎಂದರು ಲೀಲಕ್ಕ.